ಅಟ್ಟದಿಂದ ಇಳಿದ ಕೂರಿಗೆ: ಎಂಟನೇ ತರಗತಿಯ ರಿಪೇರಿ ಡೈರಿ

ಎಂಟನೇ ತರಗತಿಯ ವಿಜ್ಞಾನದಲ್ಲಿ 'ಬೆಳೆ ಉತ್ಪಾದನೆ ಮತ್ತು ನಿರ್ವಹಣೆ' ಅಂತ ಒಂದು ಪಾಠ ಇದೆ. ಬಿತ್ತನೆಯ ಭಾಗದಲ್ಲಿ ಒಂದು ಸಾಂಪ್ರದಾಯಿಕ ಸಾಧನದ ವಿವರ ಬರುತ್ತದೆ. ಅದು ಆಲಿಕೆಯ ಆಕಾರದ್ದು, ಅದಕ್ಕೆ ಬೀಜ ಹಾಕಿದರೆ ಚೂಪು ತುದಿಯ ಎರಡು ಮೂರು ಕೊಳವೆಗಳಲ್ಲಿ ಇಳಿದು ಮಣ್ಣು ಸೇರುತ್ತದೆ ಅಂತ. ಹೋದ ಜೂನ್‌ನಲ್ಲಿ ಇದನ್ನು ಓದಿಸಿ, "ಆಲಿಕೆ ಅಂದ್ರೇನು?" ಅಂತ ಕೇಳಿದೆ. 31 ಮಕ್ಕಳಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. "ಸೀಮೆಎಣ್ಣೆ ಸುರಿಯೋ ಲಾಳಿಕೆ ಕಣ್ರೋ" ಅಂದೆ. ಆಗ ಹಿಂದಿನ ಬೆಂಚಿನಿಂದ ಒಂದು ದನಿ ಬಂತು: "ಮಿಸ್, ಹಂಗಾದ್ರೆ ಇದು ನಮ್ಮ ತಾತನ ಕೂರಿಗೆ ಅಲ್ವಾ? ಅಟ್ಟದ ಮೇಲೈತೆ."

ನಮ್ಮದು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆ. ಸುತ್ತ ರಾಗಿ ಹೊಲ, ಅಲ್ಲಲ್ಲಿ ತೆಂಗು, ಅಡಿಕೆ. ಇಂಥ ಊರಲ್ಲಿ ಕೂತು ನಾನು ಕೂರಿಗೆಯನ್ನು ಚಾರ್ಟಿನ ಮೇಲೆ ತೋರಿಸಲು ಹೊರಟಿದ್ದೆ! ಚಾರ್ಟ್ ಸುತ್ತಿ ಬೀರುವಿನಲ್ಲಿಟ್ಟೆ.

ಜೂನ್ 14

ಕೂರಿಗೆ ಬಂತು. ಟಿವಿಎಸ್ ಗಾಡಿಯ ಮೇಲೆ ಹುಡುಗನ ಅಪ್ಪ ಅಡ್ಡಡ್ಡ ಕಟ್ಟಿಕೊಂಡು ತಂದರು. ಹಿಂದೆ ತಾತ ನಡೆದೇ ಬಂದರು. ಗೇಟಿನ ಹತ್ತಿರ ಗಾಡಿ ಓರೆ ಮಾಡಿದಾಗ ದಿಂಡಿನ, ಅಂದರೆ ಅಡ್ಡ ಮರದ, ಒಂದು ತುದಿ ಕಂಬಕ್ಕೆ ತಗುಲಿತು. "ಮೆಲ್ಲಗೆ ಕಣೋ, ಅದು ನಿಂಗಿಂತ ಹಿರೇದು" ಅಂತ ತಾತ ಮಗನಿಗೆ ಗದರಿದರು.

ನಾಲ್ಕು ತಾಳಿನ ಕೂರಿಗೆ, ಅಂದರೆ ಮಣ್ಣು ಸೀಳಿ ಬೀಜ ಇಳಿಸುವ ಹಲ್ಲು ನಾಲ್ಕು. ಮೊದಲು ಆರು, ಎಂಟು ತಾಳಿನವೂ ಮನೆಯಲ್ಲಿ ಇದ್ದವಂತೆ. ದಿಂಡು ಜಾಲಿ ಮರದ್ದು, ಕಲ್ಲಿನ ಹಾಗೆ ಇದೆ. ಒಂದು ತಾಳಿನಿಂದ ಇನ್ನೊಂದಕ್ಕೆ ಒಂದು ಅಡಿ, ಅಳತೆಪಟ್ಟಿ ಇಟ್ಟರೆ ಒಂದೆರಡು ಮಿಲಿಮೀಟರ್ ಆಚೆ ಈಚೆ ಅಷ್ಟೇ. ರಾಗಿಗೆ ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್ ಬಿಡಿ ಅಂತ ಕೃಷಿ ಇಲಾಖೆಯವರು ಈಗ ಹೇಳುವ ಲೆಕ್ಕವೂ ಅದೇ.

ಉಳಿದ ಭಾಗದ ಸ್ಥಿತಿ ಕೇಳಬೇಡಿ. ಬಿದಿರಿನ ಕೊಳವೆ ನಾಲ್ಕೂ ಹುಳ ಹಿಡಿದು ಪುಡಿಯಾಗಿದ್ದವು, ಎತ್ತಿ ಹಿಡಿದರೆ ಹಳದಿ ಹಿಟ್ಟು ಉದುರುತ್ತಿತ್ತು. ತಾಳುಗಳ ತುದಿಯ ಕಬ್ಬಿಣ ಸವೆದು ನಾಣ್ಯದಷ್ಟು ತೆಳು. ಬೀಜ ಹಾಕುವ ಮರದ ಬಟ್ಟಲು ಅಂಚಿನಿಂದ ತಳದವರೆಗೆ ಸೀಳಿತ್ತು. ಹಿಂದಿನಿಂದ ಹಿಡಿದು ನಡೆಸುವ ಹಿಡಿ, ಅದೇ ಮೇಣಿ, ಇರಲೇ ಇಲ್ಲ. ಅದನ್ನು ಯಾವಾಗಲೋ ಒಲೆಗೆ ಹಾಕಿದ್ದಾಗಿ ಅಜ್ಜಿ ಒಪ್ಪಿಕೊಂಡಿದ್ದಾರಂತೆ.

ಜೂನ್ 17 ರಿಂದ 20

ಮೊದಲು ಬಟ್ಟಲು. ನಾನು ಬುದ್ಧಿವಂತಿಕೆ ಮಾಡಿ ಮರದ ಅಂಟಿಗೆ ಹೊಟ್ಟು ಕಲಸಿ ಸೀಳಿಗೆ ತುಂಬಿಸಿದೆ. ಒಣಗಿದ ಮೇಲೆ ಚೆನ್ನಾಗಿಯೇ ಕಂಡಿತು. ಪರೀಕ್ಷೆಗೆ ಅಂತ ಒಂದು ರಾತ್ರಿ ನೀರು ತುಂಬಿಸಿಟ್ಟೆವು. ಬೆಳಗ್ಗೆ ನೋಡಿದರೆ ಬೆಂಚಿನ ಮೇಲೆ ನೀರು, ಸೀಳಿನಲ್ಲಿ ಗಂಜಿ. ಮಕ್ಕಳು ನನ್ನ ಮುಖ ನೋಡದೆ ನಕ್ಕರು.

ಊರಿನ ಆಚಾರಿಯವರನ್ನು ಕರೆದೆವು. ಅವರು ಅಂಟನ್ನೆಲ್ಲ ಕೆರೆದು ಬಿಸಾಡಿ, "ಮರ ಮಳೇಲಿ ಉಬ್ಬುತ್ತೆ, ಬಿಸಿಲಲ್ಲಿ ಕುಗ್ಗುತ್ತೆ. ಅದಕ್ಕೆ ಅಂಟು ಹಾಕಿದ್ರೆ ನಿಲ್ಲುತ್ತಾ ಮೇಡಂ? ಬಿಗಿ ಹಾಕ್ಬೇಕು" ಅಂದರು. ತಗಡಿನ ಎರಡು ಪಟ್ಟಿ ಕತ್ತರಿಸಿ, ಬಟ್ಟಲಿನ ಹೊರಮೈ ಸುತ್ತ ಎಳೆದು ಸಣ್ಣ ಮೊಳೆ ಹೊಡೆದರು. ಸೀಳು ಪೂರ್ತಿ ಮುಚ್ಚಲಿಲ್ಲ, ಆದರೆ ಈಗ ರಾಗಿ ಕಾಳು ತೂರುವುದಿಲ್ಲ. ನಮಗೆ ಬೇಕಾದದ್ದೂ ಅಷ್ಟೇ ತಾನೆ. ನೀರು ಹಿಡಿದಿಡುವ ಬಟ್ಟಲನ್ನು ಯಾರು ಕೇಳಿದ್ದರು!

ಬಟ್ಟಲಿನ ತಳದಲ್ಲಿ ನಾಲ್ಕು ತೂತು, ನಡುವೆ ಒಂದು ಸಣ್ಣ ಉಬ್ಬು. ಬೀಜ ಉಬ್ಬಿನ ಮೇಲೆ ಬಿದ್ದು ನಾಲ್ಕೂ ಕಡೆ ಹರಿಯಲಿ ಅಂತ ಆ ಉಬ್ಬು. ಒಬ್ಬಳು ಹುಡುಗಿ ಪೆನ್ಸಿಲ್ ತೂರಿಸಿ ನೋಡಿದಳು. ಮೂರು ತೂತಿಗೆ ಬಿಗಿಯಾಗಿ ಕೂತಿತು, ನಾಲ್ಕನೆಯದರಲ್ಲಿ ಸಡಿಲವಾಗಿ ಅಲ್ಲಾಡಿತು. ಸವೆದು ಅಗಲವಾಗಿದೆ. ಬಿದಿರಿನ ಒಂದು ಬಳೆ ಕೊಯ್ದು ಒಳಗೆ ಕೂರಿಸಿ ಅಳತೆ ಸರಿ ಮಾಡಿದೆವು.

ಜೂನ್ 24

ಕೊಳವೆ ಮಾಡುವ ದಿನ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ ಬಿದಿರು ಶಾಲೆಯ ಬೇಲಿಯಲ್ಲೇ ಸಿಕ್ಕಿತು. ಬಿದಿರಿಗೆ ಗೆಣ್ಣು ಇರುತ್ತದೆ, ಗೆಣ್ಣಿನೊಳಗೆ ಅಡ್ಡ ಪರದೆ ಇರುತ್ತದೆ. ಅದನ್ನು ತೆಗೆಯದೆ ಕೊಳವೆ ಆಗುವುದಿಲ್ಲ. ಕಬ್ಬಿಣದ ಸರಳನ್ನು ಬಿಸಿಯೂಟದ ಒಲೆಯಲ್ಲಿ ಕೆಂಪಗೆ ಕಾಯಿಸಿ ತೂರಿಸಬೇಕು. ಆ ಕೆಲಸ ಮಾತ್ರ ನಾನು ಮತ್ತು ಆಚಾರಿಯವರು ಮಾಡಿದೆವು, ಮಕ್ಕಳನ್ನು ಎರಡು ಮಾರು ದೂರ ನಿಲ್ಲಿಸಿದ್ದೆ. ಸರಳು ಗೆಣ್ಣಿಗೆ ತಾಗಿದಾಗ ಚುರ್ ಅಂತ ಸದ್ದು, ಆಮೇಲೆ ಇನ್ನೊಂದು ತುದಿಯಿಂದ ಹೊಗೆ. ಅಡುಗೆಯವರು, "ಅನ್ನಕ್ಕೆ ಹೊಗೆ ವಾಸನೆ ಬಂದ್ರೆ ನಾನು ಹೊಣೆ ಅಲ್ಲ" ಅಂದರು.

ತಾಳಿನ ತುದಿಗೆ ಕಬ್ಬಿಣ ಹಾಕಿಸಲು ಈಗ ಊರಲ್ಲಿ ಕುಲುಮೆ ಇಲ್ಲ. ರಸ್ತೆ ಬದಿಯ ವೆಲ್ಡಿಂಗ್ ಅಂಗಡಿಯಲ್ಲಿ ಹಳೆಯ ಲಾರಿ ಪಟ್ಟೆಯ ತುಂಡು ಬೆಸೆಸಿದೆವು, ತಲಾ 60 ರೂಪಾಯಿ. ತಗಡು, ಮೊಳೆಗೆ 45. ಒಟ್ಟು ಖರ್ಚು 285. ಆಚಾರಿಯವರು ದುಡ್ಡು ಮುಟ್ಟಲಿಲ್ಲ, ಮೇಣಿಯನ್ನೂ ಬೇವಿನ ಕೊಂಬೆಯಲ್ಲಿ ಮಾಡಿಕೊಟ್ಟರು.

ಜೂನ್ 28

ಮೊದಲ ಪರೀಕ್ಷೆ, ವರಾಂಡದಲ್ಲಿ. ಎಷ್ಟು ಬೀಜ ಬೀಳಬೇಕು ಅನ್ನುವುದು ಆಮೇಲಿನ ಮಾತು, ಮೊದಲು ನಾಲ್ಕೂ ಕೊಳವೆಯಲ್ಲಿ ಸಮ ಬರುತ್ತಿದೆಯಾ ನೋಡೋಣ ಅಂದೆ. ಕೂರಿಗೆಯನ್ನು ಎರಡು ಬೆಂಚಿನ ಮೇಲೆ ಏರಿಸಿ, ಪ್ರತಿ ತಾಳಿನ ಕೆಳಗೆ ಹಳೆಯ ಪೇಪರ್ ಹಾಸಿದೆವು. 40 ಗ್ರಾಂ ರಾಗಿ ತೂಗಿ ಒಬ್ಬ ಹುಡುಗ ನಿಧಾನವಾಗಿ ಬಟ್ಟಲಿಗೆ ಬಿಟ್ಟ. ಪೇಪರ್ ಮೇಲೆ ಬಿದ್ದದ್ದನ್ನು ಬೇರೆ ಬೇರೆ ತೂಗಿದರೆ 11, 9, 10, ಕೊನೆಯದು 3 ಗ್ರಾಂ. ಕೂಡಿದರೆ 33. ಉಳಿದ 7 ಗ್ರಾಂ ಎಲ್ಲಿ?

"ಬಟ್ಟಲಲ್ಲಿ ಇಲ್ಲ ಮಿಸ್." ಒಬ್ಬ ನೆಲದ ಮೇಲೆ ಹುಡುಕಿದ. ಇನ್ನೊಬ್ಬಳು ನಾಲ್ಕನೇ ಕೊಳವೆಗೆ ಕಿವಿ ಇಟ್ಟು ತಟ್ಟಿದಳು. ಒಳಗೆ ಸರಸರ ಸದ್ದು. ಕೊಳವೆ ಬಿಚ್ಚಿ ಬೆಳಕಿಗೆ ಹಿಡಿದರೆ ವಿಷಯ ಗೊತ್ತಾಯಿತು. ಗೆಣ್ಣಿನ ಪರದೆ ಪೂರ್ತಿ ಸುಟ್ಟಿರಲಿಲ್ಲ, ಕೆಳಭಾಗದಲ್ಲಿ ಅರ್ಧಚಂದ್ರದಷ್ಟು ಉಳಿದಿತ್ತು. ನೇರ ನಿಲ್ಲುವ ಕೊಳವೆಯಾಗಿದ್ದರೆ ಕಾಳು ಅದನ್ನು ದಾಟುತ್ತಿತ್ತೇನೋ. ಇದು ಹೊರಗಿನ ತಾಳಿಗೆ ಹೋಗುವ ಕೊಳವೆ, ಓರೆ ಜಾಸ್ತಿ. ಕಾಳು ಆ ಅಂಚಿಗೆ ಒರಗಿ ಕೂತುಬಿಟ್ಟಿತ್ತು. ಮತ್ತೆ ಸರಳು, ಮತ್ತೆ ಹೊಗೆ. ಎರಡನೇ ಸಲ 10, 9, 11, 9. ಒಂದು ಗ್ರಾಂ ಕೋಳಿ ಪಾಲು.

ಅಂದು ಒಬ್ಬಳು ಕೇಳಿದಳು, "ಇದನ್ನ ಯಾರು ಕಂಡುಹಿಡಿದ್ರು ಮಿಸ್?" ಇಂಗ್ಲೆಂಡಿನ ಜೆತ್ರೋ ಟಲ್ 1701ರಲ್ಲಿ ಬೀಜ ಬಿತ್ತುವ ಯಂತ್ರ ಮಾಡಿದ, ಅವನ ಹೆಸರು ಎಲ್ಲ ಕಡೆ ಇದೆ. ಟಿಪ್ಪು ಸತ್ತ ಮೇಲೆ, 1800ರಲ್ಲಿ ಮೈಸೂರು ಸೀಮೆ ಸುತ್ತಲು ಬಂದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ರೈತರ ಕೈಯಲ್ಲಿ ಕೂರಿಗೆ ನೋಡಿ ವಿವರ ಬರೆದಿಟ್ಟ. ಅಷ್ಟು ಹೊತ್ತಿಗೆ ಇದು ಇಲ್ಲಿ ಹಳೆಯ ಸಾಮಾನೇ. ಮಾಡಿದವನ ಹೆಸರನ್ನು ಮಾತ್ರ ಯಾರೂ ಬರೆದಿಟ್ಟಿಲ್ಲ ಅಂದೆ. "ಆಚಾರಿ ಅಂತ ಬರ್ಕೊಳ್ಳಲಾ?" ಅಂದಳು. ಬರ್ಕೋ ಅಂದೆ.

ಜುಲೈ 4

ಬೀಜದ ಲೆಕ್ಕ. ರೈತ ಸಂಪರ್ಕ ಕೇಂದ್ರದಿಂದ ಜಿಪಿಯು-28 ರಾಗಿ ತಂದಿದ್ದೆ. ಬೆಂಕಿ ರೋಗ ತಡೆಯುವ ತಳಿ, ನಮ್ಮ ಕಡೆ ಜಾಸ್ತಿ ಬೆಳೆಯುವುದು. ಹತ್ತು ಮಕ್ಕಳು ತಲಾ ನೂರು ಕಾಳು ಎಣಿಸಿದರು. ಸಾವಿರ ಕಾಳು ತಕ್ಕಡಿಯಲ್ಲಿ 2.7 ಗ್ರಾಂ ತೂಗಿತು. ಅಂದರೆ ಒಂದು ಗ್ರಾಮಿಗೆ ಸುಮಾರು 370 ಕಾಳು.

ಇಷ್ಟು ಸಣ್ಣ ಕಾಳಿನ ಹೂವು ಇನ್ನೆಷ್ಟು ಸಣ್ಣದಿರಬೇಕು ಯೋಚಿಸಿ ಅಂದೆ. ಮಂಡ್ಯದ ವಿ.ಸಿ. ಫಾರಂ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೂತು ಅಂಥ ಹೂವಿನ ಮೇಲೆ ಕೆಲಸ ಮಾಡಿ, ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿದವರು ಸಿ.ಎಚ್. ಲಕ್ಷ್ಮಣಯ್ಯ. ಇಂಡಿಯಾ, ಆಫ್ರಿಕಾ ಎರಡೂ ಸೇರಿ 'ಇಂಡಾಫ್' ಅಂತ ತಳಿಗಳಿಗೆ ಹೆಸರು ಬಂತು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಅಂತಲೇ ಕರೆದರು. ಮಕ್ಕಳಿಗೆ ಈ ಹೆಸರು ತುಂಬಾ ಹಿಡಿಸಿತು. ಅವತ್ತಿನಿಂದ ತರಗತಿಯಲ್ಲಿ ಒಬ್ಬ ಹುರುಳಿ ಅಂತ, ಇನ್ನೊಬ್ಬ ಹುಚ್ಚೆಳ್ಳು ಅಂತ ಕರೆಸಿಕೊಳ್ಳುತ್ತಿದ್ದಾರೆ.

ಕೂರಿಗೆ ಬಿತ್ತನೆಗೆ ಹೆಕ್ಟೇರಿಗೆ 10 ಕೆ.ಜಿ. ಬೀಜ ಅನ್ನುವುದು ಶಿಫಾರಸು. ಚದರ ಮೀಟರಿಗೆ 1 ಗ್ರಾಂ ಆಯಿತು. ನಾವು ಬಿತ್ತಬೇಕಿದ್ದ ತಾಕು, ಅಂದರೆ ನೆಲದ ತುಂಡು, 10 ಮೀಟರ್ ಉದ್ದ, 6 ಮೀಟರ್ ಅಗಲ, ಆದ್ದರಿಂದ 60 ಗ್ರಾಂ ಸಾಕು. ಕೂರಿಗೆ ಒಂದು ಸಲ ಹೋದರೆ 1.2 ಮೀಟರ್ ಅಗಲ ಮುಗಿಯುತ್ತದೆ, ಐದು ಸಲ ಹೋಗಬೇಕು. ಒಂದು ಸಲಕ್ಕೆ 12 ಗ್ರಾಂ. ಸಾಲಿನಲ್ಲಿ ನೋಡಿದರೆ ಮೀಟರಿಗೆ 111 ಕಾಳು, ಹೆಚ್ಚು ಕಡಿಮೆ ಸೆಂಟಿಮೀಟರಿಗೊಂದು.

ಇಲ್ಲಿ ಜಗಳ ಶುರುವಾಯಿತು. ಪೈರಿನಿಂದ ಪೈರಿಗೆ 10 ಸೆಂಟಿಮೀಟರ್ ಇರಬೇಕು ಅಂತ ನಾನೇ ಹಿಂದಿನ ದಿನ ಹೇಳಿದ್ದೆ. ಹಾಗಾದರೆ ಮೀಟರಿಗೆ ಹತ್ತೋ ಹನ್ನೊಂದೋ ಸಾಕಲ್ಲ, 111 ಯಾಕೆ? ಹತ್ತು ಪಟ್ಟು ಬಿತ್ತಿ ಒಂಬತ್ತು ಕೀಳುವುದು ದಂಡ ಅಲ್ವಾ? ಒಳ್ಳೆಯ ಪ್ರಶ್ನೆ. ನಾನು ಮೊಳಕೆ ಪ್ರಮಾಣ, ಇರುವೆ, ಹೆಂಟೆ ಅಂತ ಏನೇನೋ ಹೇಳಿದೆ, ಯಾರಿಗೂ ಸಮಾಧಾನ ಆಗಲಿಲ್ಲ. ಮರುದಿನ ಒಬ್ಬಳು ಅವರ ಅಜ್ಜಿಯ ಉತ್ತರ ತಂದಳು: "ಇರೋದನ್ನ ಕೀಳಬಹುದಂತೆ ಮಿಸ್, ಇಲ್ಲದ ಕಡೆ ಹುಟ್ಟಿಸೋಕಾಗಲ್ವಂತೆ."

ಜುಲೈ 8

ಆಳದ ಪರೀಕ್ಷೆ. ನಾಲ್ಕು ಪಾರದರ್ಶಕ ಬಾಟಲಿಗಳ ಕುತ್ತಿಗೆ ಕತ್ತರಿಸಿ ಮಣ್ಣು ತುಂಬಿ, ಗೋಡೆಗೆ ಅಂಟಿದ ಹಾಗೆ 1, 3, 6, 9 ಸೆಂಟಿಮೀಟರ್ ಆಳದಲ್ಲಿ ರಾಗಿ ಇಟ್ಟು, ಸುತ್ತ ಕಪ್ಪು ಕಾಗದ ಸುತ್ತಿದ್ದೆವು. ಇದನ್ನು ಜುಲೈ 1ರಂದೇ ಇಟ್ಟಿದ್ದು. ಇವತ್ತು ಕಾಗದ ಬಿಚ್ಚಿದೆವು. 1 ಸೆಂಟಿಮೀಟರಿನದು ಅರ್ಧ ಹುಟ್ಟಿದೆ, ಮೇಲ್ಮಣ್ಣು ಒಣಗಿ ಉಳಿದವು ಹಾಗೇ ನಿಂತಿವೆ. 3 ಸೆಂಟಿಮೀಟರಿನದು ಚೆನ್ನಾಗಿ ಎದ್ದಿದೆ. 6ರಲ್ಲಿ ಎರಡು ಮಾತ್ರ ಮೇಲೆ ಬಂದಿವೆ. 9ರಲ್ಲಿ ಬಿಳಿ ದಾರದಂಥ ಮೊಳಕೆಗಳು ಅರ್ಧ ದಾರಿ ಬಂದು ಬಗ್ಗಿ ಮಲಗಿವೆ. ಕಾಳಿನಲ್ಲಿ ಇದ್ದ ಬುತ್ತಿ ಬೆಳಕು ಕಾಣುವ ಮೊದಲೇ ಮುಗಿದಿದೆ. ಆ ಬಾಟಲಿ ಮುಂದೆ ಮಕ್ಕಳು ಬಹಳ ಹೊತ್ತು ಕೂತಿದ್ದರು. ಆಮೇಲೆ ಯಾರೂ ಹೇಳದೆಯೇ ಕೂರಿಗೆಯ ನಾಲ್ಕೂ ತಾಳಿಗೆ 3 ಸೆಂಟಿಮೀಟರ್ ಎತ್ತರದಲ್ಲಿ ಕೆಂಪು ಟೇಪ್ ಸುತ್ತಿದರು.

ಜುಲೈ 22

ಪುಷ್ಯ ಮಳೆ ಹದವಾಗಿ ಬಂದಿತ್ತು. ಒಬ್ಬರ ಅಪ್ಪ ಮೊದಲೇ ಟಿಲ್ಲರ್ ಓಡಿಸಿ, ಗೊಬ್ಬರ ಬೆರೆಸಿಕೊಟ್ಟಿದ್ದರು. 12 ಗ್ರಾಂ ರಾಗಿಯನ್ನು 10 ಮೀಟರಿಗೆ ಸಮವಾಗಿ ಬಿಡಲು ನಮ್ಮ ಕೈಗೆ ಬಾರದು ಅಂತ ಐದು ಪಟ್ಟು ಒಣ ಮರಳು ಬೆರೆಸಿದೆವು. ರಾಗಿಯಷ್ಟೇ ದಪ್ಪದ ಮರಳು ಬೇಕು ಅಂತ ಟೀ ಸೋಸುವ ಜಾಲರಿಯಲ್ಲಿ ಎರಡು ದಿನ ಜರಡಿ ಹಿಡಿದಿದ್ದರು. ಆ ಮಿಶ್ರಣ ಸರಿಯಾಗಿ ಒಂದು ಹಿಡಿ ಆಯಿತು. ಒಂದು ಸಲಕ್ಕೆ ಒಂದು ಹಿಡಿ, ಲೆಕ್ಕ ಸುಲಭ.

ಇಷ್ಟು ಸಣ್ಣ ತಾಕಿಗೆ ಎತ್ತು ಯಾರು ತರುತ್ತಾರೆ? ನಾಲ್ಕು ಮಕ್ಕಳೇ ನೊಗ ಹಿಡಿದರು. ತಾತ ಮೇಣಿ ಹಿಡಿದರು, ಬೀಜ ಬಿಡಲು 'ಇರೋದನ್ನ ಕೀಳಬಹುದು' ಅಂದಿದ್ದ ಆ ಅಜ್ಜಿಯೇ ಬಂದರು. ಕೂರಿಗೆಗೆ ಅರಿಸಿನ ಕುಂಕುಮ ಹಚ್ಚದೆ ಮುಟ್ಟುವುದಿಲ್ಲ ಅಂದರು, ಹಚ್ಚಿದೆವು. ಮೊದಲ ಸಲ ಮಕ್ಕಳು ನೊಗವನ್ನು ಎದೆ ಮಟ್ಟಕ್ಕೆ ಎತ್ತಿ ಹಿಡಿದು ಓಡಿದರು. ತಾಳು ಮಣ್ಣಿನ ಮೇಲೆ ಗೀರು ಹಾಕಿಕೊಂಡು ಹೋಯಿತು, ಕಾಳು ಮೇಲೆಯೇ ಕಾಣುತ್ತಿತ್ತು. "ನೊಗ ಇಳಿಸ್ರೋ, ಓಡಬೇಡ್ರೋ, ಬಸವ ನಡೆದಂಗೆ ನಡೀರಿ" ಅಂತ ತಾತ ಕೂಗಿದರು. ಸೊಂಟದ ಮಟ್ಟಕ್ಕೆ ಇಳಿಸಿದರೆ ಟೇಪಿನವರೆಗೆ ಇಳಿಯಿತು. ಎಳೆಯುವ ಎತ್ತರ ಬದಲಾದರೆ ಆಳ ಬದಲಾಗುತ್ತದೆ ಅನ್ನುವುದನ್ನು ನಾನು ಬಲದ ಪಾಠಕ್ಕೆ ಎತ್ತಿಟ್ಟುಕೊಂಡೆ.

ಅಜ್ಜಿಯ ಕೈ ನೋಡಬೇಕಿತ್ತು. ಹಿಡಿ ಬಿಚ್ಚುವುದೇ ಇಲ್ಲ. ಹೆಬ್ಬೆರಳು ತೋರುಬೆರಳಿನ ಮೇಲೆ ಮೆಲ್ಲಗೆ ಉಜ್ಜುತ್ತಾ ಇರುತ್ತದೆ, ಕಾಳು ಜಿನುಗುತ್ತದೆ. ಹತ್ತನೇ ಮೀಟರಿಗೆ ಸರಿಯಾಗಿ ಕೈ ಖಾಲಿ. ನಾವು ತಕ್ಕಡಿ ಇಟ್ಟುಕೊಂಡು ಮೂರು ವಾರ ಮಾಡಿದ ಲೆಕ್ಕ ಅದು. ನಾಲ್ಕನೇ ಸಲ ಒಬ್ಬ ಹುಡುಗ ಪ್ರಯತ್ನಿಸಿದ, ಆರನೇ ಮೀಟರಿಗೇ ಹಿಡಿ ಮುಗಿಯಿತು.

ಪಕ್ಕದಲ್ಲಿ 2 ಮೀಟರ್‌ಗೆ 3 ಮೀಟರ್ ಜಾಗದಲ್ಲಿ 6 ಗ್ರಾಂ ರಾಗಿಯನ್ನು ಸುಮ್ನೆ ಚೆಲ್ಲಿದೆವು, ಹೋಲಿಕೆಗೆ.

ಜುಲೈ 29

ಹುಟ್ಟಿದೆ! ಮೊದಲ ಎರಡು ಸಲದ ಎಂಟು ಸಾಲು ಗೀಟು ಎಳೆದ ಹಾಗೆ. ಮೂರನೇ ಸಲದಲ್ಲಿ ಮಾತ್ರ ಒಂದು ಸಾಲು ಬೋಳು. ಒಂದು ಮೀಟರ್ ಕೋಲು ಇಟ್ಟು ಎಣಿಸಿದರೆ 64, 71, 9, 66. ನಾಲ್ಕನೇ ಸಲದಲ್ಲೂ ಅದೇ ಮೂರನೇ ತಾಳಿನ ಸಾಲು ಖಾಲಿ. ಅದೇ ಸಲದ ಆರನೇ ಮೀಟರಿನ ಆಚೆ ಉಳಿದ ಮೂರು ಸಾಲೂ ಬೋಳು, ಅದು ಆ ಹುಡುಗನ ಕೈಚಳಕ. ಐದನೇ ಸಲ ಮತ್ತೆ ಎಲ್ಲ ಸರಿ.

ಎಲ್ಲರೂ ಇರುವೆ ಅಂದರು. ಇರುವೆ ಆರಿಸಿ ಆರಿಸಿ ಮೂರನೇ ಸಾಲಿಗೇ ಹೋಗುತ್ತದಾ? ನಾನು ಬಟ್ಟಲು ಅನುಮಾನಿಸಿದೆ. ಮೂರನೇ ತೂತು ಸರಿ ಇತ್ತು. ತಾತ ಬಂದು ನೋಡಿ ಒಂದೇ ಪ್ರಶ್ನೆ ಕೇಳಿದರು: "ಎರಡನೇ ಸಲ ಆದ್ಮೇಲೆ ಕೂರಿಗೆ ಎಲ್ಲಿ ಇಟ್ಟಿದ್ರಿ?" ಆಗ ನೆನಪಾಯಿತು. ಅಷ್ಟು ಹೊತ್ತಿಗೆ ಊಟದ ಗಂಟೆ ಹೊಡೆದಿತ್ತು. ತಾತ ಕೈ ತೊಳೆಯಲು ಹೋದಾಗ ಮಕ್ಕಳು ಕೂರಿಗೆಯನ್ನು ತಾಕಿನ ತುದಿಯಲ್ಲಿ, ನೀರು ನಿಂತ ಕಡೆ ಇಳಿಸಿ, ತಿರುಗಿಸಲು ಹಿಂದಕ್ಕೆ ತಳ್ಳಿದ್ದರು. ಹಿಂದಕ್ಕೆ ತಳ್ಳಿದಾಗ ಹಸಿಮಣ್ಣು ಮೂರನೇ ಕೊಳವೆಯ ಬಾಯಿಗೆ ಮೆತ್ತಿಕೊಂಡಿತ್ತು. ನಾಲ್ಕನೇ ಸಲ ಮುಗಿದ ಮೇಲೆ ತಾತ ಅಭ್ಯಾಸಬಲದಿಂದ ಕಡ್ಡಿ ಹಾಕಿ ನಾಲ್ಕೂ ಬಾಯಿ ತಿವಿದಿದ್ದರಂತೆ, ಅದಕ್ಕೇ ಐದನೆಯದು ಸರಿ ಹೋಗಿದೆ. ಮಣ್ಣು ಬಿದ್ದದ್ದನ್ನು ಆಗ ಹೇಳಲಿಲ್ಲ ಯಾಕೆ ಅಂದರೆ, "ದಿನಾ ಬೀಳುತ್ತೆ, ಏನು ಹೇಳೋದು" ಅಂದರು.

ಈಗ ಕೂರಿಗೆಯ ಮೇಣಿಗೆ ದಾರದಲ್ಲಿ ಒಂದು ಬಿದಿರು ಕಡ್ಡಿ ಕಟ್ಟಿದ್ದೇವೆ.

ಆಗಸ್ಟ್ 12

ಪೈರು ತೆಳು ಮಾಡುವ ದಿನ. ಕಿತ್ತ ಪೈರನ್ನೇ ಬೋಳು ಸಾಲಿಗೆ ನೆಟ್ಟೆವು. ರಾಗಿ ನಾಟಿಗೂ ಒಗ್ಗುವ ಬೆಳೆ. ಬೆಳಗ್ಗೆ ಸೋನೆ ಇತ್ತು, ಒಳ್ಳೆಯದೇ ಆಯಿತು. ಎರಡು ದಿನ ತಲೆ ಬಾಗಿಸಿ ನಿಂತವು, ಮೂರನೇ ದಿನ ಎದ್ದವು. ಅಜ್ಜಿ ಮಾತಿಗೆ ತಿದ್ದುಪಡಿ ಆಯಿತು ಅಂತ ಮಕ್ಕಳು ಕುಣಿದರು. ಇಲ್ಲದ ಕಡೆ ಹುಟ್ಟಿಸಲು ಆಗದು ನಿಜ, ತಂದು ನೆಡಬಹುದಲ್ಲ. ಆದರೆ ಕೀಳಲು ಜಾಸ್ತಿ ಇದ್ದದ್ದರಿಂದಲೇ ನೆಡಲು ಸಿಕ್ಕಿತು ಅಂತ ಅಜ್ಜಿಯ ಮೊಮ್ಮಗಳು ಮುಖ ಸಿಂಡರಿಸಿದಳು.

ಆಗಸ್ಟ್ 20

ಕಳೆ. ಕೂರಿಗೆ ತಾಕಿನಲ್ಲಿ 6 ಚದರ ಮೀಟರ್ ಗುರುತು ಮಾಡಿ ಇಬ್ಬರು ಕುಳಿತರು, ಚೆಲ್ಲಿದ ತಾಕಿಗೆ ಇಬ್ಬರು. ಸಾಲಿನವರು 11 ನಿಮಿಷಕ್ಕೆ ಎದ್ದರು. ಚೆಲ್ಲಿದ ಕಡೆಯವರಿಗೆ 34 ನಿಮಿಷ, ಅದರಲ್ಲೂ ಕಳೆ ಅಂತ ರಾಗಿಯನ್ನೇ ಕಿತ್ತಿದ್ದಾರೆ. ಹುಲ್ಲುಜಾತಿಯ ಕಳೆ ಎಳೆಯದಾಗಿದ್ದಾಗ ರಾಗಿಯಂತೆಯೇ ಕಾಣುತ್ತದೆ. ಸಾಲಿನಲ್ಲಿ ಇದ್ದದ್ದು ರಾಗಿ, ಸಾಲಿನ ಆಚೆ ಇದ್ದದ್ದು ಕಳೆ, ಯೋಚನೆ ಬೇಡ.

ಸೆಪ್ಟೆಂಬರ್ 9

ಹುಡುಗನ ಅಪ್ಪ ಬಂದಿದ್ದರು. ಕೂರಿಗೆ ಹೇಗೂ ರೆಡಿ ಇದೆ, ಅರ್ಧ ಎಕರೆ ಹುರುಳಿ ಬಿತ್ತಬೇಕು, ಎರಡು ದಿನಕ್ಕೆ ಕೊಡಿ ಅಂದರು. ಅವರದ್ದೇ ಕೂರಿಗೆ, ನಮ್ಮನ್ನು ಕೇಳುತ್ತಿದ್ದಾರೆ! ಆದರೆ ಹುರುಳಿಗೆ ತೂತು ಸಾಲದು, ಸ್ವಲ್ಪ ದೊಡ್ಡದು ಮಾಡಿಕೊಳ್ಳುತ್ತೇನೆ ಅಂದದ್ದೇ ತಡ, ಮಕ್ಕಳು ಬಟ್ಟಲನ್ನು ಎತ್ತಿಕೊಂಡು ಸ್ಟಾಫ್ ರೂಮಿನ ಬೀರುವಿಗೆ ಸೇರಿಸಿದರು, ಚಾರ್ಟಿನ ಪಕ್ಕ. ಕೊನೆಗೆ ಒಪ್ಪಂದ ಆಯಿತು. ಹಲಸಿನ ತುಂಡು ಅವರು ತರುತ್ತಾರೆ, ಹುರುಳಿಗೆ ಬೇರೆ ಬಟ್ಟಲು ನಾವು ಮಾಡಿಕೊಡುತ್ತೇವೆ. ಆಚಾರಿಯವರು ಬಾಚಿಯಲ್ಲಿ ಹೊರಮೈ ಕೆತ್ತಿ ಮುಗಿಸಿದ್ದಾರೆ. ತೂತಿನ ಅಳತೆ ಶುಕ್ರವಾರದೊಳಗೆ ಹೇಳಬೇಕಂತೆ. ಇವತ್ತು ಕೊನೆಯ ಪೀರಿಯಡ್‌ನಲ್ಲಿ ಮಕ್ಕಳು ಹುರುಳಿ ಕಾಳನ್ನು ಸ್ಕೇಲಿನ ಮೇಲೆ ಒಂದರ ಪಕ್ಕ ಒಂದು ಜೋಡಿಸುತ್ತಿದ್ದಾರೆ, ಹತ್ತು ಕಾಳಿಗೆ ಎಷ್ಟು ಉದ್ದ ಅಂತ.